ಅರ್ಧಕ್ಕೆ ನಿಂತ ಕಿಟಕಿ ಗಾಜು

ಮಳೆಯ ಮೊದಲ ಹನಿಗಳು ಬೀಳುವ ಹೊತ್ತಿಗೆ ಚಾಲಕನ ಪಕ್ಕದ ಗಾಜು ಒಂದು ಗೇಣು ಮೇಲೆ ಬಂದು ನಿಂತುಬಿಟ್ಟಿತು. ಸ್ವಿಚ್ ಒತ್ತಿದರೆ ಬಾಗಿಲಿನ ಹೊಟ್ಟೆಯೊಳಗೆ ಮುಲುಗುವ ಸದ್ದು, ಅಷ್ಟೇ. ಕೆಳಗಿಳಿಸಿ ಮತ್ತೆ ಏರಿಸಿದೆ. ಅದೇ ಜಾಗಕ್ಕೆ ಬಂದು ಮತ್ತೆ ನಿಂತಿತು. ಕೊನೆಗೆ ಮಗಳನ್ನು ಒಳಗೆ ಕೂರಿಸಿ ಸ್ವಿಚ್ ಒತ್ತಿ ಹಿಡಿಯಲು ಹೇಳಿದೆ. ನಾನು ಹೊರಗೆ ನಿಂತು, ಒಂದು ಅಂಗೈಯನ್ನು ಗಾಜಿನ ಒಳಬದಿಗೂ ಇನ್ನೊಂದನ್ನು ಹೊರಬದಿಗೂ ಒತ್ತಿಹಿಡಿದು ಮೇಲಕ್ಕೆ ಎಳೆದೆ. ಇಂಚಿಂಚಾಗಿ ಏರಿತು. ಎರಡು ಬೆರಳಿನಷ್ಟು ಸಂದಿ ಉಳಿದಾಗ ಒಳಗಿನ ಕೈ ತೆಗೆದೆ. ಉಳಿದದ್ದನ್ನು ಮೋಟಾರು ತಿಣುಕುತ್ತಾ ತಾನೇ ಮುಗಿಸಿತು.

ಕಾರಿಗೆ 19 ವರ್ಷ. ಈ ಕಿಟಕಿ ಕೈಕೊಟ್ಟದ್ದು ಇದೇ ಮೊದಲಲ್ಲ. ಎರಡು ವರ್ಷದ ಹಿಂದೆಯೂ ಹೀಗೇ ನಿಂತಿತ್ತು. ಆಗ ಒಂದು ಗ್ಯಾರೇಜಿನಲ್ಲಿ ‘ಮೋಟಾರು ಹೋಗಿದೆ’ ಎಂದು ಹೇಳಿ ಹೊಸ ಮೋಟಾರು, ಗಾಜನ್ನು ಹೊತ್ತು ಏರಿಳಿಸುವ ಹೊಸ ಚೌಕಟ್ಟು (ರೆಗ್ಯುಲೇಟರ್) ಎರಡನ್ನೂ ಹಾಕಿಕೊಟ್ಟಿದ್ದರು. ಕೆಲವು ತಿಂಗಳು ಗಾಜು ಚುರುಕಾಗಿ ಓಡಾಡಿತು. ಆಮೇಲೆ ಮೆಲ್ಲಗೆ ನಿಧಾನವಾಗುತ್ತಾ ಬಂತು. ಹಳೆಯ ಮೋಟಾರು 17 ವರ್ಷ ದುಡಿದಿದ್ದ ಜಾಗದಲ್ಲಿ ಹೊಸದು ಎರಡೇ ವರ್ಷಕ್ಕೆ ಸೋಲುತ್ತಿದೆ ಎಂದರೆ ಅದನ್ನು ಏನೋ ಸೋಲಿಸುತ್ತಿದೆ. ಇನ್ನೊಂದು ಮೋಟಾರು ತಂದು ಕೂರಿಸುವ ಮೊದಲು ಆ ‘ಏನೋ’ ಯಾವುದೆಂದು ಕಣ್ಣಾರೆ ನೋಡಬೇಕೆನಿಸಿತು. ಮುಂದಿನ ಶನಿವಾರ ಬೆಳಿಗ್ಗೆ ಪಾನಾ, ಸ್ಕ್ರೂಡ್ರೈವರ್, ಮಲ್ಟಿಮೀಟರ್ ಎಲ್ಲವನ್ನೂ ಹರಡಿಕೊಂಡು ಕುಳಿತೆ.

ಬಾಗಿಲು ಬಿಚ್ಚುವ ಮುಂಚೆ ಒಳಗೆ ಏನಿದೆ ಎಂಬುದು ತಲೆಯಲ್ಲಿ ಸ್ಪಷ್ಟವಾಗಿರಬೇಕು. 1940ರಲ್ಲಿ ಪ್ಯಾಕರ್ಡ್ ಕಾರುಗಳಲ್ಲಿ ಬಂದ ಮೊದಮೊದಲ ಪವರ್ ವಿಂಡೋಗಳು ದ್ರವದ ಒತ್ತಡದಿಂದ ಏರಿಳಿಯುತ್ತಿದ್ದವು. ಈಗ ನಾವು ಬಳಸುವ ಕಾರುಗಳಲ್ಲಿ ಆ ಕೆಲಸ 12 ವೋಲ್ಟಿನ ಪುಟ್ಟ ಡಿಸಿ ಮೋಟಾರಿನದು. ಮೋಟಾರಿನ ತುದಿಯಲ್ಲಿ ತಿರುಪಿನಂತಹ ವರ್ಮ್ ಗೇರು. ಅದು ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಈ ಜೋಡಿಯ ಗುಣವೆಂದರೆ ಮೋಟಾರು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಮೋಟಾರನ್ನು ತಿರುಗಿಸಲಾರದು. ಅದಕ್ಕೇ ಏರಿಸಿದ ಗಾಜನ್ನು ಹೊರಗಿನಿಂದ ಎಷ್ಟು ಒತ್ತಿದರೂ ಅದು ಕೆಳಗೆ ಜಾರುವುದಿಲ್ಲ. ಒತ್ತಿದ ಕೂಡಲೇ ಜಾರಿದರೆ, ಅಥವಾ ಗಾಜು ತಾನಾಗಿಯೇ ಬಾಗಿಲೊಳಗೆ ದೊಪ್ಪನೆ ಬಿದ್ದರೆ, ಕೇಬಲ್ ತುಂಡಾಗಿದೆ ಅಥವಾ ಗಾಜನ್ನು ಹಿಡಿದಿರುವ ತುಣುಕು ಮುರಿದಿದೆ ಎಂದು ಅರ್ಥ. ಅಂತಹ ಸಂದರ್ಭದಲ್ಲಿ ಮೋಟಾರನ್ನು ದೂರುವ ಹಾಗೇ ಇಲ್ಲ. ಮೋಟಾರಿನ ತಿರುಗಾಟವನ್ನು ಗಾಜಿನ ಏರಿಳಿತವಾಗಿ ಮಾಡುವ ಚೌಕಟ್ಟೇ ರೆಗ್ಯುಲೇಟರ್. ಕೆಲವು ಕಾರುಗಳಲ್ಲಿ ಅದು ಕತ್ತರಿಯಂತೆ ಅಡ್ಡಡ್ಡ ಜೋಡಿಸಿದ ಎರಡು ತೋಳುಗಳು. ನನ್ನ ಕಾರಿನಲ್ಲಿರುವುದು ಉಕ್ಕಿನ ತೆಳು ಕೇಬಲ್ಲು, ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ರಾಟೆ, ನಡುವೆ ಹಳಿಯ ಮೇಲೆ ಜಾರುವ ಒಂದು ತುಣುಕು. ಬಾವಿಯ ರಾಟೆಯಲ್ಲಿ ಕೊಡ ಏರಿದಂತೆ ಆ ತುಣುಕಿನ ಮೇಲೆ ಕುಳಿತ ಗಾಜು ಏರುತ್ತದೆ.

ವಿದ್ಯುತ್ತಿನ ದಾರಿಯನ್ನೂ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಮೋಟಾರಿಗೆ ಬರುವುದು ಎರಡೇ ವೈರು. ಸ್ವಿಚ್ ಮುಟ್ಟದೆ ಇದ್ದಾಗ ಎರಡೂ ಅರ್ಥಿಂಗಿಗೆ, ಅಂದರೆ ಕಾರಿನ ಲೋಹದ ಮೈಗೆ, ಸೇರಿರುತ್ತವೆ. ‘ಮೇಲೆ’ ಎಂದು ಒತ್ತಿದರೆ ಒಂದಕ್ಕೆ ಬ್ಯಾಟರಿಯ ವೋಲ್ಟೇಜು ಬರುತ್ತದೆ; ‘ಕೆಳಗೆ’ ಎಂದರೆ ಇನ್ನೊಂದಕ್ಕೆ. ಹಾಗಾಗಿ ಸ್ವಿಚ್ಚಿನೊಳಗಿನ ಎರಡು ಜೋಡಿ ತಾಮ್ರದ ತುದಿಗಳೂ ಪ್ರತಿ ಸಲ ಸರಿಯಾಗಿ ಕೂಡಬೇಕು. ಪ್ರಯಾಣಿಕರ ಬಾಗಿಲುಗಳಲ್ಲಂತೂ ಬಹುತೇಕ ಹಳೆಯ ಕಾರುಗಳಲ್ಲಿ ಆ ವಿದ್ಯುತ್ತು ಚಾಲಕನ ಬಳಿಯ ದೊಡ್ಡ ಸ್ವಿಚ್ಚನ್ನೂ ಹಾದುಹೋಗುತ್ತದೆ. ಹಿಂದಿನ ಕಿಟಕಿ ಕೆಟ್ಟರೆ ಮುಂದಿನ ಸ್ವಿಚ್ಚೂ ಕಾರಣವಾಗಿರಬಹುದು.

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕಾರಿನ ಒಳಗಿನ ದೀಪ ಹಾಕಿ, ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಕಿಟಕಿಯ ಸ್ವಿಚ್ ಒತ್ತಬೇಕು. ದೀಪ ಮಂಕಾದರೆ ವಿದ್ಯುತ್ತು ಮೋಟಾರಿನವರೆಗೆ ಹೋಗುತ್ತಿದೆ, ಮೋಟಾರು ಹೆಣಗಾಡುತ್ತಿದೆ. ಸ್ವಲ್ಪವೂ ಮಂಕಾಗದಿದ್ದರೆ ದಾರಿಯಲ್ಲಿ ಎಲ್ಲೋ ಕಡಿದುಹೋಗಿದೆ. ಮಗಳಿಗೆ ದೀಪವನ್ನೇ ನೋಡುತ್ತಿರಲು ಹೇಳಿದೆ.

“ಮಂಕಾಯಿತು ಅಪ್ಪಾ... ಮತ್ತೆ ಮಂಕಾಯಿತು.” ಏಳೆಂಟು ಸಲ ಹಾಗೇ ಆಯಿತು. ಆಮೇಲೆ, “ಈಗ ಆಗಲಿಲ್ಲ. ನೀವು ಒತ್ತಿದಿರಾ?”

ಒತ್ತಿದ್ದೆ. ಆದರೆ ಸದ್ದೂ ಇಲ್ಲ, ದೀಪವೂ ಕದಲಲಿಲ್ಲ. ಹತ್ತು ನಿಮಿಷ ಕಾದು ಒತ್ತಿದಾಗ ಮತ್ತೆ ಮುಲುಗಿತು. ಇದು ಬಹಳ ಮುಖ್ಯ. ಇಂತಹ ಮೋಟಾರುಗಳೊಳಗೆ ಬಿಸಿ ಹೆಚ್ಚಿದರೆ ವಿದ್ಯುತ್ತನ್ನು ಕಡಿಯುವ ಪುಟ್ಟ ರಕ್ಷಣೆಯೊಂದಿರುತ್ತದೆ. ತಣ್ಣಗಾದ ಮೇಲೆ ಅದು ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಪರೀಕ್ಷೆ ಮಾಡುವವರು ಹತ್ತಾರು ಸಲ ಸ್ವಿಚ್ ಒತ್ತಿ, ಕೊನೆಗೆ ಅದು ಸದ್ದಿಲ್ಲದೆ ಸುಮ್ಮನಾದಾಗ ‘ಮೋಟಾರು ಸತ್ತಿದೆ’ ಎಂದು ಬರೆದುಕೊಟ್ಟುಬಿಡುತ್ತಾರೆ. ಎರಡು ವರ್ಷದ ಹಿಂದೆ ನಮ್ಮ ಹಳೆಯ ಮೋಟಾರಿಗೂ ಇದೇ ಗತಿ ಬಂದಿತ್ತೋ ಏನೋ. ಅದನ್ನು ನೆನೆದು ನಿಜಕ್ಕೂ ಬೇಸರವಾಯಿತು.

ಉಳಿದ ಮೂರು ಕಿಟಕಿಗಳು ಅದೇ 30 ಆಂಪಿಯರ್ ಫ್ಯೂಸಿನಿಂದ ಚೆನ್ನಾಗಿ ಓಡುತ್ತಿದ್ದವು. ಹಾಗಾಗಿ ಫ್ಯೂಸು, ರಿಲೇ ಎರಡನ್ನೂ ಅಲ್ಲಿಗೇ ಬಿಟ್ಟೆ.

ಒಳಗಿನ ಪ್ಯಾನೆಲ್ ಬಿಚ್ಚುವುದಕ್ಕೆ ಬೇಕಾದದ್ದು ಶಕ್ತಿಯಲ್ಲ, ತಾಳ್ಮೆ. ಹಿಡಿಕೆಯ ಗುಳಿಯೊಳಗೆ ಉಗುರಗಲದ ಪ್ಲಾಸ್ಟಿಕ್ ಮುಚ್ಚಳದಡಿ ಒಂದು ಸ್ಕ್ರೂ, ಕೈಯೂರುವ ದಿಂಡಿನ ಕೆಳಗೆ ಎರಡು, ಕನ್ನಡಿಯ ಹಿಂದಿನ ತ್ರಿಕೋನಾಕಾರದ ಮುಚ್ಚಳದಡಿ ಇನ್ನೊಂದು. ಎಲ್ಲ ಸ್ಕ್ರೂಗಳೂ ಸಿಕ್ಕಿವೆ ಎಂದು ಖಾತ್ರಿಯಾಗುವವರೆಗೆ ಪ್ಯಾನೆಲನ್ನು ಎಳೆಯಬಾರದು. ಉಳಿದ ಒಂದೇ ಸ್ಕ್ರೂ ಸಾಕು, ಹಳೆಯ ಪ್ಲಾಸ್ಟಿಕ್ಕು ಚಟ್ಟನೆ ಸೀಳುತ್ತದೆ. ಅಂಚಿನ ಕ್ಲಿಪ್ಪುಗಳನ್ನು ಅಗಲವಾದ ಪ್ಲಾಸ್ಟಿಕ್ ಪಟ್ಟಿಯಿಂದ, ಕ್ಲಿಪ್ಪಿನ ತೀರ ಪಕ್ಕದಲ್ಲೇ ಮೀಟಿ ಬಿಡಿಸಿದೆ. ಬಾಗಿಲಿನಲ್ಲಿ ಏರ್‌ಬ್ಯಾಗಿಗೆ ಸಂಬಂಧಿಸಿದ ಭಾಗಗಳಿರುವ ಕಾರಾದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ನನ್ನ ಕಾರಿನಲ್ಲಿ ಅವು ಇಲ್ಲ.

ಪ್ಯಾನೆಲ್ ಕೈಗೆ ಬಂದಾಗ ಹಿಂದೆ ಕಂಡದ್ದು ನೋಡಿ ನನಗೆ ಸಿಟ್ಟು ಬಂತು. ಬಾಗಿಲಿನ ಲೋಹಕ್ಕೂ ಪ್ಯಾನೆಲಿಗೂ ನಡುವೆ ಅಂಟಿಸಿರಬೇಕಾದ ಪ್ಲಾಸ್ಟಿಕ್ ಹಾಳೆ ಅಡ್ಡಡ್ಡ ಹರಿದು ಜೋತುಬಿದ್ದಿತ್ತು. ಹಿಂದಿನ ದುರಸ್ತಿಯಲ್ಲಿ ಹರಿದು, ಮತ್ತೆ ಅಂಟಿಸದೆ ಹಾಗೇ ಮುಚ್ಚಿದ್ದರು. ಬಹಳ ಜನರಿಗೆ ಆ ಹಾಳೆ ಪ್ಯಾಕಿಂಗಿನ ಕಸದಂತೆ ಕಾಣುತ್ತದೆ. ವಾಸ್ತವದಲ್ಲಿ ಕಾರಿನ ಬಾಗಿಲೊಳಗೆ ಮಳೆನೀರು ಬರುವುದೇ ಸಹಜ: ಗಾಜಿನ ಮೇಲೆ ಹರಿದ ನೀರು ಹೊರಗಿನ ರಬ್ಬರ್ ಪಟ್ಟಿಯ ಸಂದಿಯಿಂದ ಒಳಗಿಳಿದು, ಬಾಗಿಲಿನ ತಳದ ರಂಧ್ರಗಳಿಂದ ಹೊರಗೆ ಹೋಗುವ ಹಾಗೆಯೇ ಅದನ್ನು ರೂಪಿಸಿರುತ್ತಾರೆ. ಆ ನೀರು ಸ್ವಿಚ್ಚಿನ ಕಡೆಗೂ ಪ್ಯಾನೆಲಿನ ಕಡೆಗೂ ಬರದಂತೆ ತಡೆಯುವುದು ಈ ಹಾಳೆ. ಟಾರ್ಚ್ ಹಿಡಿದು ತಳ ನೋಡಿದೆ. ಎರಡು ರಂಧ್ರಗಳಲ್ಲಿ ಒಂದು ಮಣ್ಣು, ಕೊಳೆತ ಎಲೆ ಸೇರಿ ಮುಚ್ಚಿಹೋಗಿತ್ತು. ಅದರ ಸುತ್ತ ತುಕ್ಕಿನ ಕಂದು ಗೆರೆ.

ಈಗ ಮೀಟರಿನ ಸರದಿ. ಬ್ಯಾಟರಿಯಲ್ಲಿ 12.6 ವೋಲ್ಟು ಇತ್ತು. ಮೋಟಾರಿನ ಕನೆಕ್ಟರ್ ಬಿಚ್ಚಿ, ಸ್ವಿಚ್ ಒತ್ತಿಸಿ ಅಳೆದೆ: 12.5. ಇಲ್ಲಿಗೇ ನಿಲ್ಲಿಸಿದ್ದರೆ ‘ವಿದ್ಯುತ್ತು ಸರಿಯಾಗಿ ಬರುತ್ತಿದೆ, ಮೋಟಾರೇ ಕೆಟ್ಟಿದೆ’ ಎಂದು ನಾನೂ ಹೇಳುತ್ತಿದ್ದೆ. ಹೊರೆ ಇಲ್ಲದಾಗ ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಮೀಟರು ಪೂರ್ತಿ ವೋಲ್ಟೇಜು ತೋರಿಸುತ್ತದೆ. ಹಾಗಾಗಿ ಕನೆಕ್ಟರನ್ನು ಮತ್ತೆ ಸಿಕ್ಕಿಸಿ, ಅದರ ಹಿಂಬದಿಯಿಂದ ಮೀಟರಿನ ಮೊನೆಗಳನ್ನು ತೂರಿಸಿ, ಗಾಜು ಏರಲು ಹೆಣಗುತ್ತಿರುವಾಗಲೇ ಅಳೆದೆ. 8.9!

3.7 ವೋಲ್ಟು ದಾರಿಯಲ್ಲಿ ಕರಗುತ್ತಿತ್ತು. ಎಲ್ಲಿ ಎಂದು ತುಂಡು ತುಂಡಾಗಿ ಹುಡುಕಿದೆ. ಸ್ವಿಚ್ಚಿನ ಒಳಬರುವ ಮತ್ತು ಹೊರಹೋಗುವ ತುದಿಗಳ ನಡುವೆ 2.2 ವೋಲ್ಟು. ಸ್ವಿಚ್ಚಿನ ಅರ್ಥ್ ತುದಿಗೂ ಕಾರಿನ ಮೈಗೂ ನಡುವೆ 1.1; ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. ಉಳಿದ ಚೂರುಪಾರು ವೈರುಗಳ ಉದ್ದಕ್ಕೆ ಹೋಗುವ ಸಹಜ ನಷ್ಟ. ಗೆಳೆಯನಿಂದ ತಂದಿದ್ದ ಡಿಸಿ ಕ್ಲ್ಯಾಂಪ್ ಮೀಟರನ್ನು ವೈರಿಗೆ ಸುತ್ತಿ ನೋಡಿದಾಗ 11 ಆಂಪಿಯರ್ ಹರಿಯುತ್ತಿತ್ತು. ಎದುರು ಬಾಗಿಲಿನ ಕಿಟಕಿ ಅದೇ ಕೆಲಸಕ್ಕೆ ತೆಗೆದುಕೊಂಡದ್ದು 5. ಅಂದರೆ ದಾರಿಯಲ್ಲಿ ವೋಲ್ಟೇಜು ಸೋರುತ್ತಿರುವುದು ಒಂದು ತೊಂದರೆ; ಮೋಟಾರು ಎರಡರಷ್ಟು ಭಾರ ಎಳೆಯುತ್ತಿರುವುದು ಇನ್ನೊಂದು. 11 ಆಂಪಿಯರನ್ನು 2.2 ವೋಲ್ಟಿನಿಂದ ಗುಣಿಸಿದರೆ 24 ವ್ಯಾಟ್. ಅಷ್ಟೂ ಸ್ವಿಚ್ಚಿನೊಳಗೆ ಬಿಸಿಯಾಗಿ ಹೋಗುತ್ತಿತ್ತು. ಬೆರಳಿಟ್ಟು ನೋಡಿದೆ, ಸ್ವಿಚ್ ಬೆಚ್ಚಗಿತ್ತು.

ಸ್ವಿಚ್ಚನ್ನು ಬಿಚ್ಚಿದೆ. ಪುಟಾಣಿ ಸ್ಪ್ರಿಂಗುಗಳು ಹಾರಿಹೋಗದಂತೆ ಬಿಳಿ ಬಟ್ಟೆಯ ಮೇಲೆ, ಒಂದೊಂದು ಹಂತಕ್ಕೂ ಫೋಟೋ ತೆಗೆಯುತ್ತಾ. ಉಳಿದ ಕಿಟಕಿಗಳ ತಾಮ್ರದ ತುದಿಗಳು ಹೊಳೆಯುತ್ತಿದ್ದವು. ಚಾಲಕನ ಕಿಟಕಿಯದು ಮಾತ್ರ ಸುಟ್ಟ ಬತ್ತಿಯಂತೆ ಕಪ್ಪಾಗಿತ್ತು; ನಡುವೆ ಸೂಜಿ ಚುಚ್ಚಿದಂತಹ ಗುಳಿ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಅತಿ ನುಣುಪಾದ ಎಮರಿ ಕಾಗದವನ್ನು ಎರಡು ತುದಿಗಳ ನಡುವೆ ಹಾಯಿಸಿ ಹಗುರವಾಗಿ ಎಳೆದೆ. ಇಲ್ಲಿ ಒರಟು ಕಾಗದ ಹಿಡಿದು ಉಜ್ಜಿದರೆ ಮೇಲಿನ ಪದರವೇ ಹೋಗಿ, ಕೆಲವು ವಾರಗಳಲ್ಲಿ ಮತ್ತೆ ಸುಡತೊಡಗುತ್ತದೆ.

ಅರ್ಥ್ ವೈರಿನ ತೊಂದರೆ ನಾನು ಊಹಿಸಿದ್ದ ಕಡೆಯೇ ಇತ್ತು. ಬಾಗಿಲಿಗೂ ಅದು ತೂಗುವ ಕಂಬಕ್ಕೂ ನಡುವೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಕೊಳವೆ ಇರುತ್ತದೆ. ಬಾಗಿಲು ತೆರೆದಾಗಲೆಲ್ಲ ಅದರೊಳಗಿನ ವೈರುಗಳು ಬಾಗುತ್ತವೆ. ಚಾಲಕನ ಬಾಗಿಲು ಎಲ್ಲಕ್ಕಿಂತ ಹೆಚ್ಚು ತೆರೆದು ಮುಚ್ಚುವುದರಿಂದ ಮೊದಲು ದಣಿಯುವುದು ಅದರ ವೈರುಗಳೇ. ರಬ್ಬರನ್ನು ಹಿಂದಕ್ಕೆ ಸರಿಸಿದೆ. ಕಪ್ಪು ವೈರಿನ ಹೊದಿಕೆ ಬಿರುಕು ಬಿಟ್ಟು, ಒಳಗಿನ ತಾಮ್ರ ಹಸಿರುಗಟ್ಟಿತ್ತು. ನಿಧಾನವಾಗಿ ಬಗ್ಗಿಸಿದಾಗ ಎಳೆಗಳು ಒಂದೊಂದಾಗಿ ಕಡಿದು ಮೇಲೆದ್ದವು. ಕೊನೆಗೆ ಹಿಡಿದುಕೊಂಡದ್ದು ನಾಲ್ಕೇ ಎಳೆ. ಅಷ್ಟು ಸಣ್ಣ ಎಳೆಗಳ ಮೂಲಕ ಆ ಮೋಟಾರು ಇಷ್ಟು ದಿನ ದುಡಿದದ್ದೇ ಹೆಚ್ಚು. ಹಾಳಾದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ, ಹೆಚ್ಚು ಎಳೆಗಳಿರುವ ಮೆತ್ತನೆಯ ವೈರನ್ನು ಸೇರಿಸಿದೆ. ಒಂದು ಎಚ್ಚರಿಕೆ: ಜೋಡಣೆ ಆ ಕೊಳವೆಯೊಳಗೆ ಬರಲೇಬಾರದು. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ. ಬಾಗುವ ಕಡೆ ಅಂತಹ ಗಂಟು ಇದ್ದರೆ ಅದರ ಅಂಚಿನಲ್ಲೇ ಮತ್ತೆ ತುಂಡಾಗುತ್ತದೆ. ಒಂದು ಜೋಡಣೆಯನ್ನು ಬಾಗಿಲೊಳಗೆ, ಇನ್ನೊಂದನ್ನು ಕಂಬದ ಒಳಗೆ ಮಾಡಿ, ನಡುವೆ ಹೊಸ ವೈರು ಎಲ್ಲೂ ತಡೆಯಿಲ್ಲದೆ ಸಾಗುವಂತೆ ಬಿಟ್ಟೆ.

ಮತ್ತೆ ಅಳೆದಾಗ ಮೋಟಾರಿನ ಬಳಿ 11.8 ವೋಲ್ಟು. ಗಾಜು ಮೊದಲಿಗಿಂತ ಜೋರಾಗಿ ಏರಿತು. ಮಗಳು ಚಪ್ಪಾಳೆ ತಟ್ಟಿದಳು. ಆದರೆ ಕ್ಲ್ಯಾಂಪ್ ಮೀಟರು ಇನ್ನೂ ಹತ್ತರ ಮೇಲೇ ತೋರಿಸುತ್ತಿತ್ತು. ಇಲ್ಲಿಗೆ ಪ್ಯಾನೆಲ್ ಮುಚ್ಚಿಬಿಟ್ಟಿದ್ದರೆ ಬಲ ಬಂದ ಮೋಟಾರು ಸಿಕ್ಕಿಕೊಂಡ ಗಾಜನ್ನು ಇನ್ನೂ ಜೋರಾಗಿ ಎಳೆದು, ಕೇಬಲ್ಲನ್ನು ಇನ್ನೂ ಬೇಗ ಹರಿಯುತ್ತಿತ್ತು. ಭಾರ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು.

ಅದಕ್ಕೆ ಗಾಜನ್ನು ರೆಗ್ಯುಲೇಟರಿನಿಂದ ಬಿಡಿಸಬೇಕು. ಗಾಜನ್ನು ಹಿಡಿದಿರುವ ಎರಡು ಬೋಲ್ಟುಗಳು ಬಾಗಿಲಿನ ತೂತುಗಳಿಗೆ ಸರಿಯಾಗಿ ಎದುರಾಗುವಷ್ಟು ಕೆಳಗಿಳಿಸಿ, ಬೋಲ್ಟುಗಳನ್ನು ಬಿಚ್ಚಿದೆ. ಪಕ್ಕದ ಕಿಟಕಿಯ ಗಾಜು ಟೆಂಪರ್ ಮಾಡಿದ್ದು. ಅದರ ಅಂಚಿಗೆ ಗಟ್ಟಿ ಲೋಹ ತಾಗಿದರೆ ಇಡೀ ಗಾಜು ಒಮ್ಮೆಲೇ ಕಾಳುಕಾಳಾಗಿ ಉದುರಬಹುದು. ಹಾಗಾಗಿ ಒಂದು ಕೈ ಗಾಜಿನ ಮೇಲೆಯೇ ಇತ್ತು. ಈ ಹಂತದಿಂದ ಮುಂದೆ ಮೋಟಾರಿನ ಕನೆಕ್ಟರ್ ಬಿಚ್ಚಿಯೇ ಇಟ್ಟೆ. ಬಾಗಿಲೊಳಗೆ ಕೈ ಇರುವಾಗ ಯಾರೋ ಮರೆತು ಸ್ವಿಚ್ ಮುಟ್ಟಿದರೆ ಬೆರಳಿಗೆ ಉಳಿಗಾಲವಿಲ್ಲ. ಕತ್ತರಿ ತೋಳಿನ ರೆಗ್ಯುಲೇಟರ್ ಇರುವವರು ಇನ್ನೂ ಎಚ್ಚರವಾಗಿರಬೇಕು: ಅದರ ಬಿಗಿಯಾದ ಸ್ಪ್ರಿಂಗನ್ನು ಮೋಟಾರು ಹಿಡಿದಿಟ್ಟಿರುತ್ತದೆ. ತೋಳುಗಳನ್ನು ಮೊದಲು ಕ್ಲ್ಯಾಂಪ್ ಹಾಕಿ ಬಿಗಿಯದೆ ಮೋಟಾರು ಬಿಚ್ಚಿದರೆ ತೋಳು ಚಾಟಿಯಂತೆ ಬೀಸುತ್ತದೆ.

ಬಿಡಿಸಿದ ಗಾಜನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆ ಜಾರಿಸಿದೆ. ಆರೋಗ್ಯವಂತ ಬಾಗಿಲಿನಲ್ಲಿ ಗಾಜು ಹಗುರವಾಗಿ ಜಾರಬೇಕು. ಇದು ಮುಕ್ಕಾಲು ಭಾಗ ಬಂದು, ಹಿಂದಿನ ಮೂಲೆಯಲ್ಲಿ ಬೆಣೆ ಹೊಡೆದಂತೆ ಸಿಕ್ಕಿಕೊಂಡಿತು. ಅಲುಗಾಡಿಸಿದರೆ ರಬ್ಬರ್ ಕಿರುಗುಟ್ಟಿತು. ಎರಡು ವರ್ಷದ ಹಿಂದೆಯೇ ಯಾರಾದರೂ ಹೀಗೆ ಒಮ್ಮೆ ಕೈಯಲ್ಲಿ ಜಾರಿಸಿ ನೋಡಿದ್ದರೆ ಸಾಕಿತ್ತು.

ಗಾಜು ಓಡುವ ರಬ್ಬರ್ ಚಾನೆಲಿನ ಒಳಮೈಯಲ್ಲಿ ಮಖಮಲ್ಲಿನಂತಹ ನುಣುಪು ಪದರವಿರುತ್ತದೆ. ಹಿಂದಿನ ಚಾನೆಲಿನಲ್ಲಿ ಅದು ಸವೆದು ಬರಿಯ ರಬ್ಬರ್ ಉಳಿದಿತ್ತು. ಆ ರಬ್ಬರೂ ಬಿಸಿಲಿಗೆ ಒಣಗಿ ಕಟ್ಟಿಗೆಯಾಗಿತ್ತು, ಉಗುರು ಒತ್ತಿದರೆ ಗುರುತೂ ಬೀಳಲಿಲ್ಲ. ಸಾಲದ್ದಕ್ಕೆ ಚಾನೆಲನ್ನು ಹಿಡಿದಿರುವ ಲೋಹದ ಪಟ್ಟಿಯ ಕೆಳಗಿನ ಬೋಲ್ಟು ಸಡಿಲವಾಗಿ, ಪಟ್ಟಿ ಒಳಕ್ಕೆ ವಾಲಿತ್ತು. ಗಾಜು ಮೇಲೆ ಹೋದಷ್ಟೂ ದಾರಿ ಕಿರಿದಾಗುತ್ತಿತ್ತು. ರೆಗ್ಯುಲೇಟರನ್ನು ಹೊರತೆಗೆದು ನೋಡಿದಾಗ ಅದು ಪಟ್ಟ ಪಾಡೂ ಕಂಡಿತು: ಕೆಳಗಿನ ರಾಟೆಯ ಬಳಿ ಕೇಬಲ್ಲಿನ ಹೊರ ಎಳೆಗಳು ಹರಿದು ಮುಳ್ಳಿನಂತೆ ಚುಚ್ಚಿಕೊಂಡಿದ್ದವು, ಗಾಜು ಹೊರುವ ಪ್ಲಾಸ್ಟಿಕ್ ತುಣುಕಿನಲ್ಲಿ ಕೂದಲೆಳೆಯಷ್ಟು ಬಿರುಕು. ಮೋಟಾರಿಗೆ ಮಾತ್ರ ಏನೂ ಆಗಿರಲಿಲ್ಲ. ನೇರವಾಗಿ ಬ್ಯಾಟರಿಗೆ ಜೋಡಿಸಿದಾಗ ಅದು ಎರಡೂ ದಿಕ್ಕಿಗೆ ನೀರಿನಂತೆ ತಿರುಗಿತು. ಅದನ್ನೇ ಉಳಿಸಿಕೊಂಡು, ರೆಗ್ಯುಲೇಟರನ್ನೂ ಹಿಂದಿನ ಚಾನೆಲ್ ರಬ್ಬರನ್ನೂ ಹೊಸದಾಗಿ ತರಿಸಿದೆ. ಅವು ಬರುವವರೆಗೆ ನಾಲ್ಕು ದಿನ ಗಾಜನ್ನು ಪೂರ್ತಿ ಏರಿಸಿ, ಬಾಗಿಲಿನ ಚೌಕಟ್ಟಿನ ಮೇಲಿಂದ ಎರಡೂ ಬದಿಗೆ ಬಟ್ಟೆಯ ಟೇಪು ಹಾಯಿಸಿ ಕಟ್ಟಿಹಾಕಿದ್ದೆ.

ಹೊಸ ರಬ್ಬರನ್ನು ಕೂರಿಸುವಾಗ ಮೊದಲು ಮೇಲಿನ ಮೂಲೆಯನ್ನು ಸರಿಯಾಗಿ ಒತ್ತಿ, ಆಮೇಲೆ ಕೆಳಕ್ಕೆ ಬರಬೇಕು. ಕೆಳಗಿನಿಂದ ಹೊರಟರೆ ಮೂಲೆಯಲ್ಲಿ ಸುಕ್ಕು ಉಳಿಯುತ್ತದೆ. ಮುಂದಿನ ಚಾನೆಲ್ ಇನ್ನೂ ಮೆತ್ತಗಿತ್ತು. ತೆಳು ಮರದ ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಸೋಪು ನೀರಿನಲ್ಲಿ ಉಜ್ಜಿದೆ. ಬಟ್ಟೆಯ ಮೇಲೆ ಬಂದ ಕಪ್ಪು ಕೆಸರಿನಲ್ಲಿ ಮರಳಿನ ಕಣಗಳು ಮಿನುಗುತ್ತಿದ್ದವು. ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆದೆ. ಕೈಗೆ ಸಿಕ್ಕಿದ ಎಂಜಿನ್ ಆಯಿಲನ್ನೋ ಗ್ರೀಸನ್ನೋ ರಬ್ಬರಿಗೆ ಹಚ್ಚುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ; ರಬ್ಬರ್ ಉಬ್ಬಿ ಮೆತುವಾಗುತ್ತದೆ, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗ್ರೀಸಿನ ಜಾಗ ರೆಗ್ಯುಲೇಟರಿನ ಲೋಹದ ಹಳಿ ಮಾತ್ರ.

ಜೋಡಿಸುವಾಗ ಒಂದು ಕ್ರಮ ನನಗೆ ತುಂಬಾ ನೆರವಾಯಿತು. ಗಾಜಿನ ಬೋಲ್ಟುಗಳನ್ನೂ ರೆಗ್ಯುಲೇಟರಿನ ನಟ್ಟುಗಳನ್ನೂ ವಾಲಿದ ಪಟ್ಟಿಯ ಬೋಲ್ಟನ್ನೂ ಬೆರಳಿನಲ್ಲಿ ತಿರುಗಿಸಿದಷ್ಟೇ ಬಿಗಿಯಾಗಿ ಬಿಟ್ಟು, ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಿದೆ. ಆಗ ಗಾಜು ತನ್ನ ಚಾನೆಲುಗಳ ನಡುವೆ ತಾನೇ ನೇರವಾಗಿ ನಿಲ್ಲುತ್ತದೆ, ಹಿಂದಿರುವ ಲೋಹವೂ ಅದಕ್ಕೆ ತಕ್ಕ ಹಾಗೆ ಸರಿದುಕೊಳ್ಳುತ್ತದೆ. ಹಾಗೆ ನಿಂತ ಮೇಲೆ, ತೂತುಗಳಿಂದ ಕೈಗೆ ಎಟುಕಿದವನ್ನೆಲ್ಲ ಬಿಗಿದೆ. ಗಾಜಿನ ಎರಡು ಬೋಲ್ಟುಗಳನ್ನು ಮಾತ್ರ ಕೆಳಗಿಳಿಸಿ, ಗಾಜು ಕದಲದಂತೆ ಮಗಳು ಹಿಡಿದುಕೊಂಡಾಗ ಬಿಗಿದೆ.

ಕ್ಲ್ಯಾಂಪ್ ಮೀಟರಿನಲ್ಲಿ 5.2 ಆಂಪಿಯರ್. ಮಗಳು ಮೊಬೈಲಿನಲ್ಲಿ ಹೊತ್ತು ಎಣಿಸಿದಳು: ಕೆಳಗಿನಿಂದ ಮೇಲಿನವರೆಗೆ ನಾಲ್ಕು ಸೆಕೆಂಡು. ಹಿಂದೆ, ಅದು ಏರುವ ದಿನಗಳಲ್ಲಿಯೂ, ಹನ್ನೊಂದು ಬೇಕಾಗುತ್ತಿತ್ತು. “ಇನ್ನೊಂದು ಸಲ ಅಪ್ಪಾ,” ಎಂದು ಸ್ವಿಚ್ಚನ್ನು ಅವಳೇ ವಶಪಡಿಸಿಕೊಂಡಳು. ನಾನೂ ತಡೆಯಲಿಲ್ಲ. ಗಾಜು ಮೇಲಿನ ರಬ್ಬರಿಗೆ ಮೆತ್ತಗೆ ಸೇರಿದ ಆ ಸದ್ದು ನನಗೂ ಮತ್ತೆ ಕೇಳಬೇಕಿತ್ತು.

ಪ್ಯಾನೆಲ್ ಮುಚ್ಚುವ ಮುಂಚೆ ಅರ್ಧ ದಿನ ಆ ಹಾಳೆಗೇ ಹೋಯಿತು. ದಪ್ಪ ಪಾಲಿಥೀನ್ ಹಾಳೆಯನ್ನು ಹಳೆಯದರ ಅಳತೆಗೆ ಕತ್ತರಿಸಿ, ಬ್ಯೂಟೈಲ್ ಅಂಟಿನ ಪಟ್ಟಿಯಿಂದ ಸುತ್ತಲೂ ಒತ್ತಿ, ಕೆಳಗಿನ ಅಂಚನ್ನು ಬಾಗಿಲಿನ ಸೀಳಿನೊಳಕ್ಕೆ ತೂರಿಸಿದೆ. ಹಾಗಿದ್ದರೆ ಮಾತ್ರ ಹಾಳೆಯ ಮೇಲೆ ಇಳಿದ ನೀರು ಮತ್ತೆ ಬಾಗಿಲೊಳಗೇ ಬೀಳುತ್ತದೆ. ಮುಚ್ಚಿದ್ದ ರಂಧ್ರವನ್ನು ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ತುಕ್ಕು ಕೆರೆದು, ಬಣ್ಣ ಬಳಿದೆ. ಮುರಿದಿದ್ದ ಮೂರು ಕ್ಲಿಪ್ಪುಗಳನ್ನು ಬದಲಾಯಿಸಿದೆ.

ಎದುರು ಬಾಗಿಲಿನ ಚಾನೆಲುಗಳನ್ನೂ ಅಂದೇ ತೊಳೆದೆ. ಹಿಂದಿನ ಎರಡು ಬಾಗಿಲು ಇನ್ನೂ ಬಾಕಿ.

ಮುಂದಿನ ವಾರ ರಾತ್ರಿಯೆಲ್ಲ ಮಳೆ ಸುರಿಯಿತು. ಬೆಳಿಗ್ಗೆ ಕಾರಿನ ಬಳಿ ಹೋಗಿ ಮೊದಲು ಬಗ್ಗಿ ನೋಡಿದ್ದು ಬಾಗಿಲಿನ ತಳವನ್ನು. ಎರಡೂ ರಂಧ್ರಗಳಿಂದ ನೀರು ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಒಳಗೆ ಕೈಯಿಟ್ಟು ಪ್ಯಾನೆಲಿನ ಕೆಳ ಅಂಚನ್ನು ಉದ್ದಕ್ಕೂ ಸವರಿದೆ. ಒಣಗಿತ್ತು.